ಮೊದಲ ಪೆಗ್ ಮೂಗಿಗೆ: ಕರಾವಳಿಯಲ್ಲಿ ಕೂತು ವಿಸ್ಕಿ ಸವಿದು ಬರೆದಿಡುವ ಬಗೆ

ಹೋದ ವರ್ಷದ ಆಟಿ ತಿಂಗಳು. ಮಂಗಳೂರಿನಲ್ಲಿ ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು. ನಾನು ಮಹಡಿಯಲ್ಲಿ ಸ್ಕಾಟ್‌ಲ್ಯಾಂಡಿನ ಐಲಾ ದ್ವೀಪದ ಒಂದು ಸಿಂಗಲ್ ಮಾಲ್ಟ್ ಹಾಕಿಕೊಂಡು, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದೆ. ಬೆಳ್ತಂಗಡಿಯಿಂದ ಚಿಕ್ಕಪ್ಪ ಬಂದಿದ್ದರು. ಅವರದು ಮೂವತ್ತು ವರ್ಷದಿಂದ ಒಂದೇ ಲೆಕ್ಕ: ಸಿಕ್ಸ್ಟಿ (60 ಎಂಎಲ್), ಸೋಡಾ, ಎರಡು ಐಸ್. "ಮೂಸ್ಲಿಕ್ಕೆ ಇಷ್ಟು ದುಡ್ಡು ಕೊಡ್ಬೇಕಾ ಮಾರಾಯ?" ಅಂತ ನಕ್ಕರು. ನಾನು ಅರ್ಧ ಗಂಟೆಯಿಂದ "ಮೆಡಿಸಿನಲ್", "ಮ್ಯಾರಿಟೈಮ್" ಅಂತ ಎಲ್ಲೋ ಓದಿದ ಪದಗಳನ್ನೇ ಗೀಚುತ್ತಿದ್ದೆ. ಚಿಕ್ಕಪ್ಪ ಗ್ಲಾಸ್ ತೆಗೆದುಕೊಂಡು ಮೂಗಿಗೆ ಹಿಡಿದರು.

"ಇದೆಂತದು ಮಾರಾಯ, ಬಚ್ಚಲೊಲೆಗೆ ಹಸಿ ಮಡಲು ತುರುಕಿದ ಹಾಗೆ ಉಂಟಲ್ಲ!"

ಅದಕ್ಕಿಂತ ಸರಿಯಾದ ಮಾತು ನನ್ನ ಇಡೀ ಪುಟದಲ್ಲಿ ಇರಲಿಲ್ಲ. ಅವತ್ತಿನಿಂದ ನನ್ನ ವಿಸ್ಕಿ ಪುಸ್ತಕದಲ್ಲಿ ನಮ್ಮ ಮನೆ, ಹಿತ್ತಲು, ಬಂದರಿನ ವಾಸನೆಗಳಿಗೆ ಮಾತ್ರ ಜಾಗ. ವಿದೇಶಿ ಬರಹಗಳಲ್ಲಿ ಬರುವ ಸ್ಕಾಟ್‌ಲ್ಯಾಂಡಿನ ಹೆದರ್ ಹೂವನ್ನು ನಾನು ಕಂಡೇ ಇಲ್ಲ, ಅದರ ಪರಿಮಳ ಬಂತು ಅಂತ ಬರೆದರೆ ಸುಳ್ಳು ತಾನೇ? ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಮೊದಲಿಂದ ಹೇಳುತ್ತೇನೆ. ಇದು 21 ದಾಟಿದವರಿಗೆ, ಅದೂ ಕುಡಿಯುವ ಅಭ್ಯಾಸ ಮೊದಲೇ ಇರುವವರಿಗೆ ಮಾತ್ರ. ಇದನ್ನು ಓದಿ ಯಾರೂ ಹೊಸದಾಗಿ ಶುರು ಮಾಡಬೇಕಾಗಿಲ್ಲ.

ಲೇಬಲ್ ಓದಿ, ಆಮೇಲೆ ದುಡ್ಡು ಕೊಡಿ

ಸಿಂಗಲ್ ಮಾಲ್ಟ್ ಅಂದರೆ ಒಂದೇ ಪೀಪಾಯಿಯದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 'ಸಿಂಗಲ್' ಅಂದರೆ ಒಂದೇ ಡಿಸ್ಟಿಲರಿ. 'ಮಾಲ್ಟ್' ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಒಂದೇ ಡಿಸ್ಟಿಲರಿಯ ನೂರಾರು ಪೀಪಾಯಿಗಳನ್ನು ಬೆರೆಸಿದರೂ ಅದು ಸಿಂಗಲ್ ಮಾಲ್ಟೇ. ಅದನ್ನು ತಾಮ್ರದ ಹಂಡೆಯಂಥ ಪಾಟ್ ಸ್ಟಿಲ್‌ನಲ್ಲಿ ಬಟ್ಟಿ ಇಳಿಸುತ್ತಾರೆ.

ಬ್ಲೆಂಡೆಡ್ ಸ್ಕಾಚ್‌ನಲ್ಲಿ (ಸ್ಕಾಚ್ ಅಂದರೆ ಸ್ಕಾಟ್‌ಲ್ಯಾಂಡಿನ ವಿಸ್ಕಿ) ಬೇರೆ ಬೇರೆ ಡಿಸ್ಟಿಲರಿಗಳ ಮಾಲ್ಟ್ ವಿಸ್ಕಿಯ ಜೊತೆ ಗ್ರೇನ್ ವಿಸ್ಕಿ ಸೇರುತ್ತದೆ. ಗೋಧಿ, ಮೆಕ್ಕೆಜೋಳದಂಥ ಧಾನ್ಯದಿಂದ ಉದ್ದನೆಯ ಕಾಲಂ ಸ್ಟಿಲ್‌ನಲ್ಲಿ ನಿಲ್ಲಿಸದೆ ಬಟ್ಟಿ ಇಳಿಸಿದ್ದು ಈ ಗ್ರೇನ್ ವಿಸ್ಕಿ. ಈನಿಯಸ್ ಕಾಫಿ ಎಂಬಾತ ಈ ಯಂತ್ರದ ಪೇಟೆಂಟ್ ಪಡೆದದ್ದು 1830ರಲ್ಲಿ. (ನಮ್ಮ ಚಿಕ್ಕಮಗಳೂರಿನ ಕಾಫಿಗೂ ಅವನಿಗೂ ಸಂಬಂಧ ಇಲ್ಲ.) ಸಿಂಗಲ್ ಮಾಲ್ಟ್, ಬ್ಲೆಂಡೆಡ್ ಎರಡಕ್ಕೂ ಸ್ಕಾಟ್‌ಲ್ಯಾಂಡಿನ ಕಾನೂನು ಒಂದೇ: ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ, ಬಾಟಲಿಯಲ್ಲಿ ಕನಿಷ್ಠ 40% ಆಲ್ಕೋಹಾಲ್. ಬಾಟಲಿಯ ಮೇಲೆ 12 ಅಂತ ಇದ್ದರೆ ಅದು ಒಳಗಿರುವ ಅತಿ ಚಿಕ್ಕ ವಿಸ್ಕಿಯ ವಯಸ್ಸು.

ಇನ್ನು ನಮ್ಮ ವೈನ್ ಶಾಪಿನ ಕೆಳಗಿನ ಶೆಲ್ಫಿನಲ್ಲಿರುವ ದೇಶಿ ವಿಸ್ಕಿಗಳು. ಅವುಗಳಲ್ಲಿ ಬಹಳಷ್ಟರ ಮೂಲ ಕಬ್ಬಿನ ಕಾಕಂಬಿಯ ಸ್ಪಿರಿಟ್. ಅದಕ್ಕೆ ಸ್ವಲ್ಪ ಮಾಲ್ಟ್, ಕೆಲವದಕ್ಕೆ ಸ್ವಲ್ಪ ಸ್ಕಾಚ್ ಸೇರಿಸಿರುತ್ತಾರೆ. ಹೊರದೇಶದಲ್ಲಿ ಇದನ್ನು ವಿಸ್ಕಿ ಅಂತ ಒಪ್ಪದವರಿದ್ದಾರೆ. ಹಾಗಂತ ಮೂಗು ಮುರಿಯಬೇಡಿ. ಹೋಲಿಕೆಗೆ ಅದೂ ಒಂದು ಬೇಕು.

ಕರ್ನಾಟಕದವರಿಗೆ ಹೆಮ್ಮೆಯ ವಿಷಯ ಒಂದಿದೆ. ಬೆಂಗಳೂರಿನ ಅಮೃತ್ ಕಂಪನಿ 1948ರಲ್ಲಿ ಶುರುವಾದದ್ದು. ಅದು ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಇಲ್ಲಿ ಅಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ. ಸ್ಕಾಚಿನ ಊರಲ್ಲೇ ಹೋಗಿ ಅಂಗಡಿ ತೆರೆದ ಹಾಗೆ! ಅವರ ಫ್ಯೂಷನ್ ಎಂಬ ಸಿಂಗಲ್ ಮಾಲ್ಟಿಗೆ ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕರು ನೂರಕ್ಕೆ 97 ಅಂಕ ಕೊಟ್ಟ ಮೇಲೆ ನಮ್ಮವರೂ ತಿರುಗಿ ನೋಡಿದರು. ಇಲ್ಲಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಹತ್ತು ಹನ್ನೆರಡು ಪ್ರತಿಶತ ಆವಿಯಾಗುತ್ತದೆ. ಸ್ಕಾಟ್‌ಲ್ಯಾಂಡಿನಲ್ಲಿ ಅದು ಸುಮಾರು 2%. ಮರದ ಜೊತೆಗಿನ ಕೆಲಸವೂ ಇಲ್ಲಿ ಅಷ್ಟೇ ಬೇಗ ಆಗುತ್ತದೆ. ಆದ್ದರಿಂದ ಭಾರತದ ಬಾಟಲಿಯಲ್ಲಿ ವಯಸ್ಸು ಬರೆದಿಲ್ಲ ಅಂತ ಬೇಸರ ಬೇಡ. ನಾಲ್ಕೈದು ವರ್ಷದ ನಮ್ಮ ಮಾಲ್ಟ್ ಅಲ್ಲಿನ ಅದೇ ವಯಸ್ಸಿನದಕ್ಕಿಂತ ಎಷ್ಟೋ ಬಲಿತಿರುತ್ತದೆ.

ಮೊದಲ ಸುತ್ತಿಗೆ ನಾನು ಹೇಳುವ ನಾಲ್ಕು: ಒಂದು ಸಾಧಾರಣ ದೇಶಿ ವಿಸ್ಕಿ, ಬ್ಲ್ಯಾಕ್ ಲೇಬಲ್‌ನಂಥ ಒಂದು ಬ್ಲೆಂಡೆಡ್ ಸ್ಕಾಚ್, ಹೊಗೆಯ ವಾಸನೆಯಿಲ್ಲದ ಒಂದು ಸಿಂಗಲ್ ಮಾಲ್ಟ್ (ಗೋವಾದ ಪಾಲ್ ಜಾನ್ ಬ್ರಿಲಿಯನ್ಸ್ ಆಗಬಹುದು), ಹೊಗೆಯಿರುವ ಒಂದು (ಪಾಲ್ ಜಾನ್ ಬೋಲ್ಡ್, ದುಡ್ಡಿದ್ದರೆ ಲಾಫ್ರೋಗ್ ಅಥವಾ ಆರ್ಡ್‌ಬೆಗ್). ಒಬ್ಬರೇ ನಾಲ್ಕು ಫುಲ್ ಬಾಟಲಿ ಕೊಳ್ಳುವುದು ಹುಚ್ಚು. ನಾಲ್ಕು ಗೆಳೆಯರು ಒಂದೊಂದು ತನ್ನಿ. ಇಲ್ಲವಾದರೆ ಒಳ್ಳೆ ಬಾರಿನಲ್ಲಿ ತರ್ಟಿ ಲೆಕ್ಕದಲ್ಲಿ ಕುಡಿದು ನೋಡಿ. ಗೋವಾದಿಂದ ತಂದುಕೊಡ್ತೇನೆ ಅನ್ನುವ ಗೆಳೆಯ ಎಲ್ಲರಿಗೂ ಇರುತ್ತಾನೆ. ಗಡಿ ದಾಟಿಸಲು ಅಬಕಾರಿ ನಿಯಮ ಉಂಟು, ಅದನ್ನು ಕೇಳಿಕೊಂಡು ಹೊರಡಲಿ.

ಜಾಗ, ಹೊತ್ತು, ಗ್ಲಾಸು

ನಮ್ಮೂರಿನಲ್ಲಿ ವಿಸ್ಕಿ ಮೂಸುವವನ ದೊಡ್ಡ ಶತ್ರು ಅಡುಗೆಮನೆ. ಒಗ್ಗರಣೆಯ ತೆಂಗಿನೆಣ್ಣೆ, ಮೀನು ಫ್ರೈ, ಬೆಳ್ಳುಳ್ಳಿ. ಸಂಜೆಯಾದರೆ ಊದುಬತ್ತಿ, ಹಬ್ಬವಾದರೆ ಮನೆ ತುಂಬಾ ಶಂಕರಪುರ ಮಲ್ಲಿಗೆ. ಒಮ್ಮೆ ನಾನು ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಚೆನ್ನಾಗಿ ಬಾರಿಸಿ, ಕೈ ತೊಳೆದೆ ಅಂದುಕೊಂಡು, ಒಂದು ದುಬಾರಿ ಬಾಟಲಿ ತೆಗೆದು ಕೂತೆ. "ಸಮುದ್ರದ ಗಾಳಿ, ಉಪ್ಪು, ಸ್ವಲ್ಪ ಹುಳಿ" ಅಂತ ಭಾರೀ ಉತ್ಸಾಹದಲ್ಲಿ ಬರೆದೆ. ಮೂರನೇ ಸಲ ಮೂಸುವಾಗ ಗೊತ್ತಾಯಿತು, ಸಮುದ್ರ ಇದ್ದದ್ದು ನನ್ನ ಬೆರಳಿನಲ್ಲಿ.

ಈಗ ನನ್ನ ಹೊತ್ತು ಭಾನುವಾರ ಬೆಳಿಗ್ಗೆ ಹನ್ನೊಂದು. ನನ್ನ ಮೂಗು ಆಗ ಚುರುಕಾಗಿರುತ್ತದೆ. ತಿಂಡಿ ಎಂಟೂವರೆಗೆ ಮುಗಿದಿರಬೇಕು, ಅದೂ ಸಪ್ಪೆಯದು: ನೀರುದೋಸೆ ಇದಕ್ಕೆ ಹೇಳಿ ಮಾಡಿಸಿದ್ದು. ಖಾಲಿ ಹೊಟ್ಟೆ ಬೇಡ. ಸೆಂಟ್ ಹಾಕಬೇಡಿ, ಪರಿಮಳದ ಸಾಬೂನಿನಲ್ಲಿ ಕೈ ತೊಳೆಯಬೇಡಿ. ಫ್ಯಾನ್ ಗ್ಲಾಸಿನ ಮೇಲೇ ಬೀಸುವ ಹಾಗೆ ಕೂರಬೇಡಿ. ಸೆಕೆ ತಡೆಯುವುದಿಲ್ಲ ಅಂತಾದರೆ ಸ್ವಲ್ಪ ದೂರ ಸರಿಯಿರಿ, ಯಾಕೆಂದರೆ ಗಾಳಿಗೆ ಪರಿಮಳ ಹಾರಿಹೋಗುತ್ತದೆ.

ಗ್ಲಾಸಿನ ಬಾಯಿ ಕಿರಿದಾಗಿರಬೇಕು, ಹೊಟ್ಟೆ ಅಗಲವಾಗಿರಬೇಕು. ಗ್ಲೆನ್‌ಕೇರ್ನ್ ಅಂತ ಸಿಗುತ್ತದೆ, ಇದಕ್ಕೆಂದೇ ಮಾಡಿದ್ದು. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಸಾಕು. ಬಾರಿನ ಅಗಲ ಬಾಯಿಯ ಗ್ಲಾಸ್ ಐಸಿಗೆ ಚೆನ್ನ, ಮೂಗಿಗೆ ಅಲ್ಲ. ನಮ್ಮ ತೇವಕ್ಕೆ ಮರದ ಕಪಾಟಿನಲ್ಲಿಟ್ಟ ಗ್ಲಾಸಿಗೆ ಬೂಷ್ಟಿನ ವಾಸನೆ ಹಿಡಿಯುತ್ತದೆ. ಖಾಲಿ ಗ್ಲಾಸನ್ನು ಮೊದಲು ಮೂಸಿ, ಬಿಸಿನೀರಲ್ಲಿ ತೊಳೆದು ಆರಲು ಬಿಡಿ.

ಪಕ್ಕದಲ್ಲಿ ನೀರು ಬೇಕು. ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕೆಲವು ಬಾವಿ ನೀರಿಗೆ ಕಬ್ಬಿಣದ ರುಚಿ. ಕುದಿಸಿ ಆರಿಸಿದ್ದು ಅಥವಾ ಬಾಟಲಿ ನೀರು ಇಟ್ಟುಕೊಳ್ಳಿ. ಉಗಿಯಲು ಒಂದು ಸ್ಟೀಲ್ ಲೋಟ ಬೇಕು. ನಾಲ್ಕು ವಿಸ್ಕಿ ಅಂದರೆ ಒಂದೊಂದು 15 ಎಂಎಲ್ ಹಾಕಿದರೂ ಒಟ್ಟು 60 ಆಯಿತು. ಅದಕ್ಕಿಂತ ಮೇಲೆ ಹೋದರೆ ಮೂಗಿಗೂ ಬುದ್ಧಿಗೂ ಮಂಕು. ಇನ್ನು ಮುಗಿಸಿ ಬೈಕ್ ಹತ್ತುವ ಮಾತೇ ಇಲ್ಲ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಅನ್ನುವ ಮಿತಿ ದಾಟಲು ಹೆಚ್ಚು ಬೇಕಾಗುವುದಿಲ್ಲ.

ಬಣ್ಣ

ನೋಡಿ, ಮುಂದೆ ಹೋಗಿ. ಕಡುಬಣ್ಣ ಕಂಡು ಹಳೆಯದು ಅಂತ ಮೋಸ ಹೋಗುವವರೇ ಜಾಸ್ತಿ. ಬಣ್ಣಕ್ಕೆ ಕ್ಯಾರಮೆಲ್ ಹಾಕುವುದಕ್ಕೆ ಸ್ಕಾಟ್‌ಲ್ಯಾಂಡಿನಲ್ಲೂ ಅನುಮತಿ ಇದೆ.

ಮೂಗು: ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ

ಗ್ಲಾಸಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಬಿಡಿ. ವೈನಿನ ಹಾಗೆ ಗರಗರ ತಿರುಗಿಸಬೇಡಿ, ಆಲ್ಕೋಹಾಲ್ ಎದ್ದು ಬಂದು ಮೂಗಿಗೆ ಗುದ್ದುತ್ತದೆ. ಗ್ಲಾಸನ್ನು ಮೊದಲು ಗಲ್ಲದ ಹತ್ತಿರ ಹಿಡಿಯಿರಿ. ನಿಧಾನಕ್ಕೆ ಮೇಲೆ ತನ್ನಿ. ತುಟಿ ಸ್ವಲ್ಪ ತೆರೆದಿರಲಿ. ಮೂಗಿಂದಲೂ ಬಾಯಿಂದಲೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ಉರಿ ಕಡಿಮೆ, ಪರಿಮಳ ಜಾಸ್ತಿ. ಒಂದೊಂದೇ ಹೊಳ್ಳೆಯಿಂದ ಮೂಸಿ ನೋಡಿ, ಎರಡೂ ಒಂದೇ ಕಥೆ ಹೇಳುವುದಿಲ್ಲ. ಮೂಗು ದಣಿದರೆ ನಿಮ್ಮದೇ ಮೊಣಕೈ ಮಡಿಕೆಯನ್ನು ಮೂಸಿ. ತಮಾಷೆಯಲ್ಲ. ನಮಗೆ ತುಂಬಾ ಪರಿಚಯದ ವಾಸನೆ ನಮ್ಮದೇ ತಾನೇ, ಮೂಗು ಮತ್ತೆ ಸೊನ್ನೆಗೆ ಬರುತ್ತದೆ.

ಈಗ ಪ್ರಶ್ನೆ: ಏನು ವಾಸನೆ ಬಂತು? ಹೊಸಬರೆಲ್ಲ ಹೇಳುವುದು ಒಂದೇ, "ವಿಸ್ಕಿ ವಾಸನೆ". ಒಂದೇ ಸಲಕ್ಕೆ ಹೆಸರು ಹುಡುಕಬೇಡಿ. ಮೊದಲು ಮನೆಯ ಯಾವ ಮೂಲೆ ಅಂತ ಕೇಳಿಕೊಳ್ಳಿ. ಅಡುಗೆಮನೆಯಾ, ಹಿತ್ತಲಾ, ಬಚ್ಚಲಾ, ಔಷಧಿ ಡಬ್ಬಿಯಾ? ಮೂಲೆ ಸಿಕ್ಕಿದರೆ ವಸ್ತು ತಾನಾಗಿ ಸಿಗುತ್ತದೆ.

ನನ್ನ ಪುಸ್ತಕದ ಕೆಲವು ಮೂಲೆಗಳು ಇವು. ಅಮೆರಿಕದ ಬೂರ್ಬನ್ ವಿಸ್ಕಿ ತುಂಬಿದ್ದ ಹಳೆಯ ಪೀಪಾಯಿಯಲ್ಲಿ ಬೆಳೆದ ವಿಸ್ಕಿಯಲ್ಲಿ ನನಗೆ ಸಿಗುವುದು ಒಣಕೊಬ್ಬರಿ ಮತ್ತು ವೆನಿಲ್ಲಾ ಐಸ್‌ಕ್ರೀಮು. ಇದು ಭ್ರಮೆಯಲ್ಲ. ಓಕ್ ಮರದಲ್ಲಿರುವ ಲ್ಯಾಕ್ಟೋನ್ ಎಂಬ ಪದಾರ್ಥದ ಪರಿಮಳ ಕೊಬ್ಬರಿಯದೇ. ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಮರದ ಲಿಗ್ನಿನ್ ಒಡೆದಾಗ ಹುಟ್ಟುತ್ತದೆ. ಲವಂಗದ ಯೂಜಿನಾಲ್ ಕೂಡ ಅದೇ ಮರದಲ್ಲಿದೆ. ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ. ಇದಕ್ಕೆ ವಿದೇಶದವರು ಕ್ರಿಸ್‌ಮಸ್ ಕೇಕ್ ಅನ್ನುತ್ತಾರೆ. ನಮ್ಮ ಮಂಗಳೂರಿನವರಿಗೆ ಇದು ಎರವಲು ಮಾತಲ್ಲ ಬಿಡಿ. ಡಿಸೆಂಬರಿನಲ್ಲಿ ಪಕ್ಕದ ಮನೆಯ ಬಾಯಮ್ಮ ಕಳಿಸುವ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯ ಮುಚ್ಚಳ ತೆಗೆದಾಗ ಬರುವ ಪರಿಮಳವೇ ಅದು.

ಹಣ್ಣಿನ ವಾಸನೆಗಳು ಹೆಚ್ಚಾಗಿ ಹುಳಿಸುವಾಗ ಯೀಸ್ಟ್ ಮಾಡಿದ ಎಸ್ಟರ್ ಎಂಬ ಪರಿಮಳದ ಪದಾರ್ಥಗಳಿಂದ ಬರುತ್ತವೆ. ಕದಳಿ ಬಾಳೆ ಅತಿಯಾಗಿ ಹಣ್ಣಾದ ವಾಸನೆ ಬಂದರೆ ಅದು ಐಸೋಅಮೈಲ್ ಅಸಿಟೇಟ್. ಹಲಸಿನ ಹಣ್ಣಿನಲ್ಲೂ ಇದೇ ಜಾತಿಯ ಎಸ್ಟರ್‌ಗಳಿವೆ. ಆದ್ದರಿಂದ "ತುಳುವ ಹಲಸು" ಅಂತ ಬರೆಯಲು ನಾಚಿಕೆ ಬೇಡ.

ಹೊಗೆಯದು ಬೇರೆಯೇ ಕಥೆ. ಮಾಲ್ಟ್ ಒಣಗಿಸಲು ಐಲಾದಂಥ ಕಡೆ ಪೀಟ್ ಸುಡುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಗಿಡ, ಪಾಚಿಯ ಮಣ್ಣು ಅದು. ಅದರ ಹೊಗೆಯಲ್ಲಿರುವ ಫೀನಾಲ್ ಎಂಬ ವಾಸನೆಯ ಪದಾರ್ಥಗಳು ಬಾರ್ಲಿಗೆ ಅಂಟಿಕೊಂಡು ಕೊನೆವರೆಗೂ ಬರುತ್ತವೆ. ಹೊಗೆ ಅಂತಷ್ಟೇ ಬರೆದರೆ ಸಾಲದು, ಯಾವ ಹೊಗೆ ಅಂತ ಹೇಳಬೇಕು. ತೆಂಗಿನ ಚಿಪ್ಪು ಕೆಂಡವಾದಾಗಿನದಾ, ಹಸಿ ಮಡಲಿನದಾ, ಬೀಡಿಯದಾ, ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಅಡಿಕೆಯದಾ? ಕೆಲವು ಬಾಟಲಿಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್, ಬಂದರಿನ ಒದ್ದೆ ಹಗ್ಗ. ಮಲ್ಪೆಯ ಧಕ್ಕೆಯಲ್ಲಿ ಒಂದು ಬೆಳಿಗ್ಗೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂಗಿಗೆ ತರಬೇತಿ ಬೇಕಾದರೆ ವಿಸ್ಕಿಯೇ ಬೇಕಂತಿಲ್ಲ. ಮಸಾಲೆ ಡಬ್ಬಿ ತೆಗೆದು, ಕಣ್ಣು ಮುಚ್ಚಿ, ಮನೆಯವರಿಗೆ ಒಂದೊಂದೇ ಮೂಗಿನ ಹತ್ತಿರ ಹಿಡಿಯಲು ಹೇಳಿ. ಜೀರಿಗೆ, ಕೊತ್ತಂಬರಿ, ಜಾಯಿಕಾಯಿ, ಓಲೆಬೆಲ್ಲ, ಪುನರ್ಪುಳಿ ಸಿಪ್ಪೆ. ಹತ್ತರಲ್ಲಿ ಆರು ಸರಿ ಹೇಳಿದರೆ ನೀವು ನನಗಿಂತ ವಾಸಿ. ನಾನು ಮೊದಲ ದಿನ ಹೇಳಿದ್ದು ನಾಲ್ಕು.

ಬಾಯಿ

ಮೊದಲ ಗುಟುಕನ್ನು ನಂಬಬೇಡಿ. ಅದು ನಾಲಿಗೆಯನ್ನು ಎಬ್ಬಿಸಲು. ಎರಡನೆಯದು, ಟೀ ಚಮಚದಷ್ಟು, ನಾಲಿಗೆಯ ಮೇಲೆಲ್ಲ ಹರಡಿ ಹತ್ತು ಸೆಕೆಂಡ್ ಇಟ್ಟುಕೊಳ್ಳಿ. ಅಗಿಯುವ ಹಾಗೆ ಬಾಯಿ ಆಡಿಸಿ. ಮೊದಲು ಬರುವುದು ಸಾಮಾನ್ಯವಾಗಿ ಸಿಹಿ, ಮಧ್ಯದಲ್ಲಿ ಮಸಾಲೆ, ಕೊನೆಗೆ ಮರದ ಒಗರು. ಮೈ ಹೇಗಿದೆ ನೋಡಿ: ತಿಳಿಸಾರಿನ ಹಾಗಾ, ತೆಂಗಿನ ಹಾಲಿನ ಹಾಗಾ? ನುಂಗಿ, ಇಲ್ಲವೇ ಉಗಿಯಿರಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ಆ ಪರಿಮಳವೇ ನಾವು ರುಚಿ ಅನ್ನುವುದರ ದೊಡ್ಡ ಪಾಲು. ಆಮೇಲೆ ಗಡಿಯಾರ ನೋಡಿ, ರುಚಿ ಎಷ್ಟು ಹೊತ್ತು ನಿಂತಿತು ಬರೆಯಿರಿ. ಹದಿನೈದು ಸೆಕೆಂಡಿಗೆ ಹೋದರೆ ಚಿಕ್ಕದು, ನಿಮಿಷ ದಾಟಿದರೆ ಭೇಷ್.

'ಸ್ಮೂತ್' ಅನ್ನುವ ಪದವನ್ನು ದಯವಿಟ್ಟು ಬಳಸಬೇಡಿ. ಗಂಟಲು ಸುಡಲಿಲ್ಲ ಅನ್ನುವುದನ್ನು ಬಿಟ್ಟು ಅದು ಬೇರೇನೂ ಹೇಳುವುದಿಲ್ಲ.

ನೀರು ಹಾಕುವುದು ಪಾಪವಲ್ಲ

'ರಾ' ಕುಡಿಯುವವನೇ ಗಂಡಸು ಅನ್ನುವ ಮಾತು ನಮ್ಮ ಬಾರುಗಳಲ್ಲಿ ಇನ್ನೂ ಓಡುತ್ತಿದೆ. ಆದರೆ ಬ್ಲೆಂಡಿಂಗ್ ಕೆಲಸವನ್ನೇ ಮಾಡುವವರು ನೀರು ಬೆರೆಸಿಯೇ ಮೂಸುತ್ತಾರೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಿಂದ ಒಂದು ವಿಷಯ ತೋರಿಸಿದರು. ಹೊಗೆಯ ವಾಸನೆ ಕೊಡುವ ಗ್ವಾಯಾಕೋಲ್ ಎಂಬ ಅಣು, ಆಲ್ಕೋಹಾಲ್ ಗಟ್ಟಿಯಿದ್ದಾಗ ಅದರೊಳಗೆ ಅಡಗಿ ಕೂರುತ್ತದೆ. ನೀರು ಬೆರೆಸಿ ಇಳಿಸಿದಾಗ ಮೇಲ್ಮೈಗೆ ಬರುತ್ತದೆ. ಮೇಲೆ ಬಂದದ್ದು ಮೂಗಿಗೂ ಬೇಗ ಸಿಗುತ್ತದೆ.

ಲೆಕ್ಕ ಸುಲಭ. ಗ್ಲಾಸಿನಲ್ಲಿರುವ ಎಂಎಲ್ ಅನ್ನು ಬಾಟಲಿಯ ಪ್ರತಿಶತದಿಂದ ಗುಣಿಸಿ, ಬೇಕಾದ ಪ್ರತಿಶತದಿಂದ ಭಾಗಿಸಿ. 50% ಇರುವ ಅಮೃತ್ ಫ್ಯೂಷನ್ 20 ಎಂಎಲ್ ಇದೆ, 40ಕ್ಕೆ ಇಳಿಸಬೇಕು ಅಂತಿಟ್ಟುಕೊಳ್ಳಿ. 20×50÷40 ಅಂದರೆ 25. ಹಾಗಾಗಿ 5 ಎಂಎಲ್ ನೀರು. ಮೆಡಿಕಲ್ ಶಾಪಿನ ಸೂಜಿಯಿಲ್ಲದ ಸಿರಿಂಜ್ ಇದಕ್ಕೆ ತುಂಬಾ ಅನುಕೂಲ. ಒಮ್ಮೆಲೇ ಹಾಕದೆ ಒಂದೊಂದೇ ಎಂಎಲ್ ಹಾಕಿ ಮೂಸುತ್ತಾ ಹೋಗಿ. 42.8% ಇರುವ ದೇಶಿ ಬಾಟಲಿಗೆ ನಾಲ್ಕು ಹನಿ ಸಾಕು. ಐಸು, ಸೋಡಾ ಎರಡೂ ಆಮೇಲೆ. ತಣ್ಣಗಾದರೆ ಪರಿಮಳ ಏಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಉಳಿದದ್ದಕ್ಕೆ ನಿಮ್ಮಿಷ್ಟದಂತೆ ಏನು ಬೇಕಾದರೂ ಬೆರೆಸಿ.

ಹೆಸರು ಮುಚ್ಚಿಟ್ಟು ಕುಡಿಯಿರಿ

ಮಣಿಪಾಲದ ಗೆಳೆಯನ ಮನೆಯಲ್ಲಿ ನಾವು ನಾಲ್ವರು ಹೀಗೆ ಮಾಡಿದೆವು. ಗ್ಲಾಸುಗಳ ಅಡಿಗೆ ಎ, ಬಿ, ಸಿ, ಡಿ ಅಂತ ಚೀಟಿ ಅಂಟಿಸಿ, ಕುಡಿಯದ ಅತ್ತಿಗೆಯ ಕೈಯಲ್ಲಿ ಹಾಕಿಸಿದೆವು. ಬ್ಲೆಂಡೆಡ್ ಅಂದರೆ ಕೆಟ್ಟದು ಅಂತ ವಾದ ಮಾಡುತ್ತಿದ್ದವನೊಬ್ಬ 'ಸಿ' ಮೂಸಿ, "ಇದೇ ನೋಡಿ ಸಿಂಗಲ್ ಮಾಲ್ಟ್" ಅಂದ. ಚೀಟಿ ತೆಗೆದರೆ ಬ್ಲ್ಯಾಕ್ ಲೇಬಲ್. ಅವನ ಹನ್ನೆರಡು ವರ್ಷದ ಸ್ವಂತ ಬಾಟಲಿಗೆ ಮೂರನೇ ಸ್ಥಾನ ಕೊಟ್ಟಿದ್ದ. ಅವತ್ತು ಊಟ ಮುಗಿಯುವವರೆಗೂ ಮಾತಾಡಲಿಲ್ಲ ಪಾಪ.

ನನಗೆ ಅವನ ಮೇಲೆ ನಗಲು ಧೈರ್ಯ ಇರಲಿಲ್ಲ. ಯಾಕೆಂದರೆ ತ್ರಿಕೋನ ಪರೀಕ್ಷೆಯಲ್ಲಿ ನಾನೂ ಬಿದ್ದಿದ್ದೇನೆ. ಮೂರು ಗ್ಲಾಸ್, ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆದ್ದರಿಂದ ಐದಾರು ಸಲ ಮಾಡಿ ನೋಡಿ. ಎರಡು ವಿಸ್ಕಿಗಳ ವ್ಯತ್ಯಾಸ ನಿಮಗೆ ಹಿಡಿಯಲಾಗದಿದ್ದರೆ, ಅವುಗಳ ಬೆಲೆಯ ವ್ಯತ್ಯಾಸವನ್ನು ನೀವು ಯಾಕೆ ಕೊಡಬೇಕು?

ಸಾಲಿನಲ್ಲಿ ಹೊಗೆಯದನ್ನು ಯಾವಾಗಲೂ ಕೊನೆಗಿಡಿ. ಅದಾದ ಮೇಲೆ ಬೇರೆ ಏನು ಕೊಟ್ಟರೂ ನಾಲಿಗೆಗೆ ಅದೇ ಹೊಗೆ.

ಬರೆಯುವುದು

ಪುಟದ ತಲೆಯಲ್ಲಿ: ಹೆಸರು, ಪ್ರತಿಶತ, ಬ್ಯಾಚ್ ಸಂಖ್ಯೆ, ಕೊಟ್ಟ ದುಡ್ಡು, ತಾರೀಕು, ಬಾಟಲಿ ಎಷ್ಟು ಖಾಲಿಯಾಗಿತ್ತು. ಕೊನೆಯದು ಮುಖ್ಯ. ಅರ್ಧಕ್ಕಿಂತ ಕೆಳಗಿಳಿದ ಬಾಟಲಿಯಲ್ಲಿ ಗಾಳಿ ಸೇರಿ ರುಚಿ ಬದಲಾಗುತ್ತದೆ. ಆಮೇಲೆ ಮೂಗು, ಬಾಯಿ, ಕೊನೆಯ ರುಚಿ, ನೀರು ಹಾಕಿದ ಮೇಲೆ ಆದದ್ದು.

ನನ್ನ ಹಳೆಯ ಪುಟವೊಂದು ಹೀಗಿತ್ತು: "ಅಮೃತ್ ಫ್ಯೂಷನ್. ಸಂಕೀರ್ಣ, ಸಮತೋಲಿತ, ಅದ್ಭುತ." ಇದನ್ನು ಯಾವ ಬಾಟಲಿಗೆ ಅಂಟಿಸಿದರೂ ಹೊಂದುತ್ತದೆ. ಅದೇ ವಿಸ್ಕಿಗೆ ಈಗಿನ ಪುಟ ಇದು:

"ಮೂಗು: ಮೊದಲು ಹುರಿದ ಬಾರ್ಲಿ, ಕುಚ್ಚಲಕ್ಕಿ ಬೇಯುವ ಪಾತ್ರೆಯ ಆವಿ. ಐದು ನಿಮಿಷಕ್ಕೆ ಓಲೆಬೆಲ್ಲ, ಕಿತ್ತಳೆ ಸಿಪ್ಪೆ. ಹೊಗೆ ಇದೆ, ಆದರೆ ಪಕ್ಕದ ಮನೆಯ ಬಚ್ಚಲಿನದು, ನಮ್ಮದಲ್ಲ. ಬಾಯಿ: ದಪ್ಪ. ಸಿಹಿಯ ಬೆನ್ನಿಗೇ ಕಾಳುಮೆಣಸು. ನೀರಿಲ್ಲದೆ ನನಗೆ ಖಾರ ಜಾಸ್ತಿ. 3 ಎಂಎಲ್ ನೀರಿಗೆ ಹೊಗೆ ಹತ್ತಿರ ಬಂತು, ಮೆಣಸು ಹಿಂದೆ ಸರಿಯಿತು. ಕೊನೆ: ಐವತ್ತು ಸೆಕೆಂಡ್, ಕಾಫಿಪುಡಿಯ ಕಹಿ."

ಫ್ಯೂಷನ್ನಿನಲ್ಲಿ ಭಾರತದ ಬಾರ್ಲಿ ಮತ್ತು ಸ್ಕಾಟ್‌ಲ್ಯಾಂಡಿನ ಪೀಟ್ ಹೊಗೆಯ ಬಾರ್ಲಿ ಎರಡೂ ಇರುವುದು ಹೌದು. ಆದರೆ ಅದನ್ನು ಬರೆದ ಮೇಲೆ ಓದಿ. ಮೊದಲೇ ಲೇಬಲಿನ ಹಿಂಬದಿ ಓದಿದರೆ ಮೂಗು ಅದನ್ನೇ ಹುಡುಕುತ್ತದೆ.

ಅಂಕದ ವಿಷಯದಲ್ಲಿ ಜಗಳ ಬಹಳ. ಮೂಗಿಗೆ 25, ರುಚಿಗೆ 25, ಕೊನೆಗೆ 25, ಹದಕ್ಕೆ 25 ಅನ್ನುವ ನೂರರ ಲೆಕ್ಕ ಹೆಚ್ಚು ಬಳಕೆಯಲ್ಲಿದೆ. ನನಗೆ 86ಕ್ಕೂ 87ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಗೊತ್ತಾಗುತ್ತದೆ ಅನ್ನುವವರನ್ನು ನಾನು ನಂಬುವುದೂ ಇಲ್ಲ. ನನ್ನದು ಮೂರೇ ಮಾತು: ಮತ್ತೆ ಕೊಳ್ಳುತ್ತೇನೆ, ಯಾರಾದರೂ ಕೊಟ್ಟರೆ ಕುಡಿಯುತ್ತೇನೆ, ಬೇಡ. ಆದರೆ ಒಂದೇ ದಿನದಲ್ಲಿ ತೀರ್ಪು ಕೊಡುವುದಿಲ್ಲ. ಬೇರೆ ಬೇರೆ ದಿನ ಎರಡು ಸಲವಾದರೂ ಕುಡಿಯಬೇಕು, ಒಮ್ಮೆಯಾದರೂ ಹೆಸರು ಮುಚ್ಚಿ. ಶೀತ ಇದ್ದ ದಿನ ಬರೆದ ನನ್ನ ಒಂದು 'ಬೇಡ' ಆಮೇಲೆ 'ಮತ್ತೆ ಕೊಳ್ಳುತ್ತೇನೆ' ಆಗಿದೆ.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಇಡಿ. ವೈನಿನ ಹಾಗೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಿಸಿಲು ಬೀಳುವ ಶೋಕೇಸ್ ಬೇಡ, ಕಬ್ಬಿಣದ ಕಪಾಟಿನ ಕತ್ತಲೆ ಸಾಕು.

ಕೊನೆಗೆ ಇನ್ನೊಂದು ಕೆಲಸ. ಕುಡಿದಾದ ಮೇಲೆ ಗ್ಲಾಸನ್ನು ತೊಳೆಯದೆ ರಾತ್ರಿಯಿಡೀ ಬಿಡಿ. ಆಲ್ಕೋಹಾಲ್ ಪೂರ್ತಿ ಹಾರಿಹೋಗಿ, ಪೀಪಾಯಿ, ಹೊಗೆ ಕೊಟ್ಟದ್ದು ಹೆಚ್ಚಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಆ ಆಟಿಯ ಮಾರನೇ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಚಿಕ್ಕಪ್ಪ ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಆ ಖಾಲಿ ಗ್ಲಾಸ್ ಹಿಡಿದು ಕಿಟಕಿ ಹತ್ತಿರ ನಿಂತಿದ್ದರು. "ಒಲೆ ಆರಿದೆ ಮಾರಾಯ, ಈಗ ಬರೀ ಬೂದಿ, ಸ್ವಲ್ಪ ಬೆಲ್ಲ" ಅಂದರು. ನಾನು ನೋಟ್‌ಬುಕ್ ಹುಡುಕಲು ಒಳಗೆ ಓಡಿದೆ.